ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡು ಹಗಲಲ್ಲಿ ಮಲಗಿದ್ದು

ನಮ್ಮ ಕಡೆ ಗಂಡಸು ಹಗಲು ಹೊತ್ತಿನಲ್ಲಿ ಮಲಗುವುದಕ್ಕೆ ಕಾರಣ ಬೇಕಿಲ್ಲ. ಊಟವಾಯಿತು, ಫ್ಯಾನು ತಿರುಗುತ್ತಿದೆ, ಚಾಪೆ ಕೈಗೆ ಸಿಕ್ಕಿತು, ಇಷ್ಟು ಸಾಕು. ಹೆಂಗಸು ಮಲಗಿದರೆ ಮಾತ್ರ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಹಣೆ ಮುಟ್ಟಿ ನೋಡುತ್ತಾರೆ. ಹುಲಿಯೂರುದುರ್ಗದ ತವರಿನಲ್ಲಿ ನನ್ನ ಅಮ್ಮ ಹಗಲಲ್ಲಿ ಕಾಲು ಚಾಚಿದ್ದನ್ನು ನಾನು ನೋಡಿದ್ದು ಅವಳಿಗೆ ಟೈಫಾಯಿಡ್ ಬಂದಾಗ ಮಾತ್ರ. ಆಗಲೂ ಅವಳು ಮಲಗಿಕೊಂಡೇ ಅವರೆಕಾಯಿ ಬಿಡಿಸುತ್ತಿದ್ದಳು. ಅದನ್ನೆಲ್ಲ ನೋಡಿ ಬೆಳೆದ ನನಗೆ ಹಗಲು ಮಲಗುವುದೆಂದರೆ ಇವತ್ತಿಗೂ ಪಕ್ಕದ ಮನೆಯ ಹೂವು ಕಿತ್ತುಕೊಂಡಷ್ಟು ಅಳುಕು. ಭಾನುವಾರ ತೂಕಡಿಕೆ ಬಂದರೆ ಪೇಪರನ್ನು ಮುಖದ ಮುಂದೆ ಹಿಡಿದುಕೊಂಡು ಕೂತೇ ನಿದ್ದೆ ಮಾಡುತ್ತೇನೆ. ಪೇಪರು ತಲೆಕೆಳಗಾಗಿದ್ದರೂ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಟೀಚರಮ್ಮ ಓದುತ್ತಿದ್ದಾಳೆ ಎಂಬ ಗೌರವ.

ಇಂಥ ನಾನು ಈ ವರ್ಷ ಹಾಡಹಗಲೇ, ಬಾಗಿಲು ತೆರೆದಿಟ್ಟುಕೊಂಡು, ಹಾಲಿನ ದಿವಾನದ ಮೇಲೆ, ಶಾಲು ಹೊದ್ದು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿಬಿಟ್ಟೆ. ಅದರಿಂದ ಗುಬ್ಬಿ ತಾಲ್ಲೂಕಿಗೂ ಕುಣಿಗಲ್ ತಾಲ್ಲೂಕಿಗೂ ಏನೇನು ತೊಂದರೆಯಾಯಿತು ಎನ್ನುವುದನ್ನು ಹೇಳಬೇಕಾದರೆ ಮೊದಲು ನನ್ನ ಬಲಭುಜದ ವಿಷಯ ಹೇಳಬೇಕು.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಮನೆ ಕ್ಯಾತ್ಸಂದ್ರದಲ್ಲಿ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದೂ ಬರೆದೂ, ಬಸ್ಸಿನ ಕಂಬಿಗೆ ಜೋತುಬಿದ್ದೂ ಬಿದ್ದೂ, ನನ್ನ ಬಲಗೈ ಒಂದು ದಿನ ಮೇಲೆ ಹೋಗುವುದನ್ನೇ ನಿಲ್ಲಿಸಿತು. ಮೊದಲು ಬೆನ್ನ ಹಿಂದಕ್ಕೆ ಹೋಗಲಿಲ್ಲ, ಆಮೇಲೆ ಭುಜದ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಡಾಕ್ಟರು ನೋಡಿ 'ಫ್ರೋಜನ್ ಶೋಲ್ಡರ್' ಎಂದರು. ಆಗ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಊರೆಲ್ಲ ಬೇಯುತ್ತಿರುವಾಗ ನನ್ನ ಭುಜವೊಂದು ಹೆಪ್ಪುಗಟ್ಟಿ ಕೂತಿತ್ತು. "ವ್ಯಾಯಾಮ ಮಾಡಿ, ನಿಧಾನಕ್ಕೆ ಸರಿಹೋಗುತ್ತೆ. ಕೆಲವರಿಗೆ ಪೂರ್ತಿ ಬರುತ್ತೆ, ಕೆಲವರಿಗೆ ಒಂಚೂರು ಹಾಗೇ ಉಳ್ಕೊಳ್ಳುತ್ತೆ" ಎಂದರು. ಮೊದಲಿನ ಮಾತೆಲ್ಲ ನನ್ನ ಕಿವಿಗೆ ಬೀಳಲೇ ಇಲ್ಲ, ಕೊನೆಯದೊಂದು ಮಾತ್ರ ಒಳಗೆ ಹೋಗಿ ಕೂತಿತು. ಶಾಲೆಯಲ್ಲಿ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯತೊಡಗಿದೆ. ವಿಜಯನಗರ ಸಾಮ್ರಾಜ್ಯವನ್ನು ಹಾಗೆ ತಳಕ್ಕೆ ಒತ್ತರಿಸಿದ್ದರಿಂದ ಹಿಂದಿನ ಬೆಂಚಿನವರಿಗೆ ಅದು ಕಾಣಲಿಲ್ಲ. ಕಂಡಾಗಲೂ ಬರೆದುಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಬೋರ್ಡಿನದು ಹೇಗೋ ನಡೆಯಿತು, ಜಡೆಯದೇ ಕಷ್ಟವಾಯಿತು. ನನ್ನ ಕೂದಲು ಈಗಲೂ ಉದ್ದ. ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಜಂಬ ಅದೊಂದೇ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ನನ್ನ ಜಡೆ ನಾನೇ ಹಾಕಿಕೊಂಡವಳು. ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಎರಡು ಕೈಯನ್ನೂ ಎತ್ತಲು ಹೋದಾಗ ಒಂದು ಕೈ ತಲೆಯ ಹಿಂದೆ ಹೋಗಿ ಇನ್ನೊಂದಕ್ಕಾಗಿ ಕಾಯುತ್ತಿತ್ತು, ಇನ್ನೊಂದು ಅರ್ಧ ದಾರಿಯಲ್ಲೇ ನಿಂತಿತ್ತು. ಕನ್ನಡಿಯಲ್ಲಿ ಅದನ್ನು ನೋಡಿ ನನಗೆ ನಿಜವಾಗಿ ಅಳು ಬಂತು. ನಮ್ಮ ಸ್ಟಾಫ್ ರೂಮಿನ ಲತಾ, "ಕತ್ತರಿಸಿಬಿಡಿ ಮಂಗಳಾ, ಬಾಬ್ ಮಾಡಿಸಿ, ತಂಪಾಗಿರುತ್ತೆ" ಎಂದಳು. ಅವಳ ಮೇಲೆ ನನಗೆ ಇನ್ನೂ ಕೋಪವಿದೆ. ಬೇರೇನೂ ಬೇಡ, ನನ್ನ ಜಡೆ ನಾನು ಹಾಕಿಕೊಳ್ಳುವಷ್ಟು ಕೈ ಎದ್ದರೆ ಸಾಕು ಶಿವನೇ, ನೀನೇ ದಾರಿ ತೋರಿಸು ಎಂದು ಬೇಡಿಕೊಂಡೆ. ಶಿವ ಬರಲಿಲ್ಲ, ಬಾಚಣಿಗೆ ಹಿಡಿದುಕೊಂಡು ನಮ್ಮ ಯಜಮಾನರು ಬಂದರು. ಅವರ ಹೆಸರು ರುದ್ರೇಶ. ಹೀಗಾಗಿ ದೇವರನ್ನೂ ದೂರುವಂತಿಲ್ಲ.

ನಮ್ಮ ಯಜಮಾನರು ಗುಬ್ಬಿ ಹತ್ತಿರದ ಕಡಬದವರು, ತೆಂಗಿನ ತೋಟದಲ್ಲಿ ಬೆಳೆದವರು. ಹುಡುಗನಾಗಿದ್ದಾಗ ನೆನೆಸಿದ ನಾರಿನಿಂದ ಹಗ್ಗ ಹೊಸೆಯುವುದು ಕಲಿತಿದ್ದರು. ಆಮೇಲೆ ನಿವೃತ್ತರಾಗುವವರೆಗೆ ಕರೆಂಟಿನ ಕೆಲಸ, ಕಂಬದಿಂದ ಕಂಬಕ್ಕೆ ತಂತಿ ಎಳೆಸುವುದು. ಈ ಎರಡು ವಿದ್ಯೆಯೂ ಕೂಡಿ ನನ್ನ ತಲೆಯ ಮೇಲೆ ಇಳಿದವು. ಕೂದಲನ್ನು ಮೂರು ಕಾಲು ತೆಗೆದು, ತಮ್ಮ ಒಂದು ಕಾಲಿನಿಂದ ನನ್ನ ಕುರ್ಚಿಯನ್ನು ಒತ್ತಿ ಹಿಡಿದು, ಅವರು ಹೆಣೆಯುತ್ತಿದ್ದ ಬಿಗಿಗೆ ನನ್ನ ಹುಬ್ಬು ಎರಡೂ ಮೇಲಕ್ಕೇರುತ್ತಿದ್ದವು. "ರೀ, ಒಂಚೂರು ಸಡಿಲ ಬಿಡ್ರಿ" ಎಂದರೆ, "ಸಡಿಲ ಬಿಟ್ರೆ ಸಂಜೆ ತನಕ ನಿಲ್ಲಲ್ಲ ಕಣೇ" ಎನ್ನುತ್ತಿದ್ದರು. ಜಡೆ ಸಂಜೆಯ ತನಕವಲ್ಲ, ಬಾವಿಗೆ ಇಳಿಬಿಟ್ಟು ಕೊಡ ಸೇದಿದರೂ ಬಿಚ್ಚುತ್ತಿರಲಿಲ್ಲ. ಕ್ಲಾಸಿಗೆ ಹೋದರೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಯಾಕ್ ಮಿಸ್ ಹಂಗೆ ನೋಡ್ತೀರಾ, ನಾನೇನೂ ಮಾಡಿಲ್ಲ" ಎಂದಳು. ನಾನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚುವುದಕ್ಕೆ ಚರ್ಮ ಸಾಲುತ್ತಿರಲಿಲ್ಲ, ಅಷ್ಟೇ.

ಡಾಕ್ಟರು ಹೇಳಿದ ವ್ಯಾಯಾಮದ ಜೊತೆಗೆ ಎಣ್ಣೆ ಮಸಾಜು ಮಾಡಿಸಿದರೆ ಒಳ್ಳೆಯದು, ಡಾಕ್ಟರನ್ನೂ ಒಂದು ಮಾತು ಕೇಳಿ ಎಂದು ಹೇಳಿದವಳೂ ಅದೇ ಲತಾ. ಡಾಕ್ಟರು ಧಾರಾಳವಾಗಿ ಹೂಂ ಅಂದರು. ಧಾರಾಳತನ ಸಾಲದೆ ಹೋದದ್ದು ನಮ್ಮ ಮನೆಯಲ್ಲಿ. 'ಮಸಾಜು' ಎಂಬ ಮಾತು ಕಿವಿಗೆ ಬಿದ್ದಕೂಡಲೇ ನಮ್ಮ ಯಜಮಾನರು ಟಿವಿಯ ಸದ್ದು ಕಡಿಮೆ ಮಾಡಿದರು. ಅದು ಊರ ತುಂಬ ಬಣ್ಣದ ಲೈಟು ಹಾಕಿಕೊಂಡಿರುವ ಅಂಗಡಿಗಳ ಮಾತು, ನಮ್ಮಂಥವರದಲ್ಲ ಎಂದು ಅವರ ನಂಬಿಕೆ. ಹೆಂಗಸರಿಗೆ ಹೆಂಗಸರೇ ಮಾಡುವ ಆಯುರ್ವೇದದ ಜಾಗ, ಕೆಳಗೆ ಔಷಧಿ ಅಂಗಡಿ ಇದೆ ಎಂದು ಹೇಳಿದ ಮೇಲೆ ಸ್ಕೂಟರ್ ತೆಗೆದರು. ಆದರೂ ಮೊದಲ ದಿನ ಮೆಟ್ಟಿಲ ಬುಡದಲ್ಲಿ ಸ್ಟೂಲು ಹಾಕಿಕೊಂಡು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಾವಲು ಕೂತಿದ್ದರು. ಮೇಲೆ ಬರುವ ಹೆಂಗಸರೆಲ್ಲ ಅವರನ್ನು ವಾಚ್‌ಮನ್ ಎಂದು ತಿಳಿದು ಚಪ್ಪಲಿ ನೋಡಿಕೊಳ್ಳಲು ಹೇಳಿ ಹೋದರಂತೆ.

ಮೇಲೆ ನನ್ನ ಭುಜಕ್ಕೆ ಕೈಹಾಕಿದವಳು ಪುಷ್ಪ. ಬಾಯಿತುಂಬ ಮಾತನಾಡುವ ಹೆಂಗಸು. ಮೈ ಬಿಟ್ಟುಕೊಡುವುದಕ್ಕೆ ನನಗೆ ಮೊದಲು ನಾಚಿಕೆ. "ಮೇಡಂ, ಯಾಕೆ ಹಿಂಗೆ ಮೈ ಬಿಗಿ ಹಿಡ್ಕೊಂಡಿದೀರ? ನಾನೇನ್ ಇನ್‌ಸ್ಪೆಕ್ಷನ್‌ಗೆ ಬಂದಿದೀನಾ?" ಎಂದಳು. ನಗು ಬಂತು, ಮೈ ಸಡಿಲಾಯಿತು. ಬಿಸಿ ಎಣ್ಣೆ ಕುತ್ತಿಗೆಯಿಂದ ಭುಜಕ್ಕೆ ಇಳಿದು, ಅವಳ ಹೆಬ್ಬೆರಳು ರೆಕ್ಕೆಮೂಳೆಯ ಅಂಚಿನಲ್ಲಿ ಸುತ್ತತೊಡಗಿದಾಗ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಕಡೆ ಹೆಂಗಸಿನ ಮೈಗೆ ಬೇರೆಯವರು ಎಣ್ಣೆ ಹಚ್ಚಿ ತಿಕ್ಕುವುದು ಜನ್ಮದಲ್ಲಿ ಎರಡೇ ಸಂದರ್ಭದಲ್ಲಿ. ಒಂದು, ಅವಳು ಕೂಸಾಗಿದ್ದಾಗ. ಇನ್ನೊಂದು, ಅವಳು ಕೂಸು ಹೆತ್ತಾಗ. ನನಗೆ ಬಾಣಂತನದಲ್ಲಿ ಹರಳೆಣ್ಣೆ ಹಚ್ಚಿ, ಹಂಡೆ ಹಂಡೆ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ತಲೆಗೆ ಬಟ್ಟೆ ಸುತ್ತಿ ಮಲಗಿಸಿದ್ದು ನನ್ನ ಚಿಕ್ಕಮ್ಮ. ಆ ಮಗಳು ಈಗ ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಬೆನ್ನನ್ನು ಮುಟ್ಟಿ ಇಲ್ಲಿ ನೋವಾ, ಇಲ್ಲಿಯಾ ಎಂದು ಯಾರೂ ಕೇಳಿರಲಿಲ್ಲ. ಯಾರದೂ ತಪ್ಪಲ್ಲ, ಅಂಥ ರೂಢಿಯೇ ಇರಲಿಲ್ಲ. ಟೇಬಲಿನ ಮೇಲೆ ಬೋರಲು ಮಲಗಿಕೊಂಡು ನಾನು ಸ್ವಲ್ಪ ಅತ್ತೆ. ಪುಷ್ಪ ಅದು ನೋವಿಗೆ ಎಂದುಕೊಂಡು ಕೈ ಹಗುರ ಮಾಡಿದಳು. ಹಗುರ ಬೇಡ, ಒತ್ತು ಎಂದೆ.

ಮಸಾಜಿನ ಲಾಭಗಳ ಬಗ್ಗೆ ಗೋಡೆಗೆ ದೊಡ್ಡ ಬೋರ್ಡು ಹಾಕಿದ್ದರು. ರಕ್ತಸಂಚಾರ, ನಿದ್ದೆ, ಮನಸ್ಸಿನ ನೆಮ್ಮದಿ ಹೀಗೆ. ನನಗೆ ಬೋರ್ಡು ಓದಿ ಗೊತ್ತಾಗಲಿಲ್ಲ, ಮಕ್ಕಳಿಂದ ಗೊತ್ತಾಯಿತು. ಆ ರಾತ್ರಿ ಒಂದೇ ನಿದ್ದೆ. ಮರುದಿನ ಭಾರತದ ಭೂಪಟದಲ್ಲಿ ಒಬ್ಬ ತುಂಗಭದ್ರೆಯನ್ನು ಒಡಿಶಾದಲ್ಲಿ ಹರಿಸಿದರೂ ನನಗೆ ಸಿಟ್ಟು ಬರಲಿಲ್ಲ. "ಪರವಾಗಿಲ್ಲ, ಇನ್ನೊಂದ್ಸಲ ನೋಡು" ಎಂದೆ. ಕ್ಲಾಸು ಗರಬಡಿದ ಹಾಗೆ ಕೂತಿತು. ಮಧ್ಯಾಹ್ನ ಹೆಡ್‌ಮಾಸ್ಟರು ಬಂದು, "ಮೇಡಂ, ಹುಷಾರಿಲ್ವಂತೆ? ಮಕ್ಕಳು ಹೇಳಿದ್ರು, ಬೇಕಾದ್ರೆ ಮನೆಗೆ ಹೋಗಿ" ಎಂದರು.

ಮಸಾಜಾದರೂ ಒಂದು ಗಂಟೆಯ ಸುಖ, ಅದರ ನಂತರದ ಜೋಪಾನ ಇದೆಯಲ್ಲ, ಅದು ದಿನವಿಡೀ. ಪುಷ್ಪ ಮೆಟ್ಟಿಲವರೆಗೂ ಬಂದು ಹೇಳಿ ಕಳಿಸಿದ್ದು ಇಷ್ಟು: ಬಿಸಿನೀರು ಕುಡಿಯುತ್ತಿರಿ, ಸ್ವಲ್ಪ ಹೊತ್ತು ಬಿಟ್ಟು ಬಿಸಿನೀರಿನ ಸ್ನಾನ ಮಾಡಿ, ಹಗುರವಾಗಿ ಊಟ ಮಾಡಿ, ಗಾಳಿಗೆ ಮೈಯೊಡ್ಡಬೇಡಿ, ಭಾರ ಎತ್ತಬೇಡಿ, ಆ ದಿನ ಒರಗಿಕೊಂಡು ವಿಶ್ರಾಂತಿ ತೆಗೆದುಕೊಳ್ಳಿ, ಫೋನು ನೋಡಿ ಕುತ್ತಿಗೆ ಬಗ್ಗಿಸಬೇಡಿ. ಇದನ್ನು ನಾನು ಒಂದು ಕಿವಿಯಲ್ಲಿ ಕೇಳಿದೆ, ಮೆಟ್ಟಿಲ ಬುಡದಲ್ಲಿದ್ದವರು ಎರಡು ಕಿವಿಯಲ್ಲೂ ಕೇಳಿಸಿಕೊಂಡರು. ಜೀವನವಿಡೀ ಕರೆಂಟಿನ ಜೊತೆ ಬಾಳಿದವರು, ಸೂಚನೆ ತಪ್ಪಿದರೆ ಏನಾಗುತ್ತದೆ ಎಂದು ಬಲ್ಲವರು. ಸ್ಕೂಟರಿನ ಹಿಂದೆ ಕೂರುವ ಮುಂಚೆ ನನ್ನ ಕಿವಿಗೆ ಹತ್ತಿ ಇಟ್ಟು, ತಲೆಗೆ ತಮ್ಮ ಮಂಕಿ ಕ್ಯಾಪು ಹಾಕಿ, ಮೇಲೆ ಉಲ್ಲನ್ ಶಾಲು ಸುತ್ತಿ, ಅದರ ಮೇಲೆ ಹೆಲ್ಮೆಟ್ಟು ಕೂರಿಸಿದರು. ಆ ಬಿಸಿಲಿನಲ್ಲಿ ಹಾಗೆ ಹೋಗುತ್ತಿದ್ದ ನನ್ನನ್ನು ಸಿಗ್ನಲ್ಲಿನಲ್ಲಿ ಒಂದು ಮಗು ನೋಡಿ ಅಮ್ಮನ ಸೆರಗಿನೊಳಗೆ ಅಡಗಿತು.

ಮನೆಯಲ್ಲಿ ಮಾಡಬೇಕಾದ ವ್ಯಾಯಾಮವೂ ಇತ್ತು. ಗೋಡೆಯ ಎದುರು ನಿಂತು, ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದೇ ಹೆಜ್ಜೆ ಹತ್ತಿಸಬೇಕು, ಎಲ್ಲಿ ನೋವಾಯಿತೋ ಅಲ್ಲಿ ನಿಲ್ಲಿಸಬೇಕು. ಹಾಲಿನಲ್ಲಿ ಕ್ಯಾಲೆಂಡರಿನ ಪಕ್ಕದ ಗೋಡೆಯನ್ನು ಆರಿಸಿಕೊಂಡೆ. ಪುಷ್ಪ ಕೊಟ್ಟ ಎಣ್ಣೆ ಹಚ್ಚಿಕೊಂಡೇ ಮಾಡುತ್ತಿದ್ದುದರಿಂದ ನಾನು ಹತ್ತಿದಷ್ಟು ದೂರಕ್ಕೂ ಬೆರಳಿನ ಕಲೆ ಉಳಿಯುತ್ತಿತ್ತು. ಸಂಕ್ರಾಂತಿಗೆ ನಮ್ಮ ಯಜಮಾನರು ತಾವೇ ನಿಂತು ಬಣ್ಣ ಹೊಡೆಸಿದ ಗೋಡೆ ಅದು. "ಬೆಣ್ಣೆಯಂಥ ಗೋಡೆಗೆ ಎಣ್ಣೆ ಬಳಿದು ಹಾಳ್ ಮಾಡ್ತಿದ್ಯಲ್ಲೇ" ಎಂದು ದಿನವೂ ಗೊಣಗುತ್ತಿದ್ದರು. ಆದರೆ ದಿನವೂ ಬಂದು, ಕಲೆ ನಿನ್ನೆಗಿಂತ ಮೇಲೆ ಹೋಗಿದೆಯೋ ಇಲ್ಲವೋ ಎಂದು ಕನ್ನಡಕ ಏರಿಸಿ ನೋಡುತ್ತಿದ್ದರು. ಮೇಲೆ ಹೋಗಿದ್ದರೆ ಗೊಣಗಾಟ ಸ್ವಲ್ಪ ಜೋರಾಗಿರುತ್ತಿತ್ತು. ಕ್ಯಾಲೆಂಡರಿನ ಮೊಳೆ ಮುಟ್ಟಿದರೆ ಕೈ ಗೆದ್ದ ಹಾಗೆ ಎಂದು ನಾನು ಮನಸ್ಸಿನಲ್ಲೇ ಗಡಿ ಹಾಕಿಕೊಂಡಿದ್ದೆ.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದ್ದಾಗ ಆ ಭಾನುವಾರ ಬಂತು. ಬೆಳಗ್ಗೆಯೇ ಮಸಾಜು ಮುಗಿಸಿಕೊಂಡು ಬಂದು, ಶಾಲು ಹೊದ್ದು, ಫೋನು ಆಫ್ ಮಾಡಿ, ದಿವಾನದ ಮೇಲೆ ಒರಗಿದ್ದೆ. ಆಗ ನಮ್ಮ ಯಜಮಾನರ ಫೋನಿಗೆ ಕಡಬದಿಂದ ಅವರ ಅಕ್ಕ ರತ್ನಕ್ಕ ಮಾಡಿದರು. ರತ್ನಕ್ಕನ ಧ್ವನಿ ಫೋನಿಲ್ಲದೆಯೂ ಕ್ಯಾತ್ಸಂದ್ರಕ್ಕೆ ಕೇಳುವಂಥದ್ದು, ಹತ್ತಿಯನ್ನು ದಾಟಿ ನನಗೆ ಎಲ್ಲವೂ ಕೇಳಿಸಿತು.

"ಏನ್ಲಾ ರುದ್ರೇಸ, ಮಂಗಳನ ಫೋನ್ ಯಾಕ್ಲಾ ಆಫ್ ಆಗೈತೆ?"

"ಮಲಗವ್ಳೆ ಕಣಕ್ಕ."

"ಈಗ್ಲಾ? ಇಷ್ಟೊತ್ನಾಗಾ? ಯಾಕ್ಲಾ, ಏನಾಯ್ತು?"

"ಏನಿಲ್ಲ ಕಣಕ್ಕ, ಬಲಗೈ ಎತ್ತಕ್ಕಾಗ್ತಿಲ್ಲ. ಕಿವಿಗೆ ಹತ್ತಿ ಇಟ್ಟು ಮಲಗ್ಸಿದೀನಿ. ರಾಗಿ ಬೀಸಿಸ್ಕೊಂಡು ಬತ್ತೀನಿ, ಆಮೇಲೆ ಮಾಡ್ತೀನಿ" ಎಂದು ಇವರು ಫೋನನ್ನು ಟಿವಿಯ ಮೇಲಿಟ್ಟು ಮಿಲ್ಲಿಗೆ ಹೊರಟುಹೋದರು.

ಕರೆಂಟಿನವರು ಮಾತು ಮುಗಿಸುವುದೇ ಹೀಗೆ, ಲೈನು ಕತ್ತರಿಸಿದ ಹಾಗೆ. ಅತ್ತ ಕಡೆ ರತ್ನಕ್ಕನ ಕೈಯಲ್ಲಿ ಉಳಿದದ್ದು ಇಷ್ಟು: ಮಂಗಳ ಹಗಲಲ್ಲಿ ಮಲಗಿದ್ದಾಳೆ, ಬಲಗೈ ಬಿದ್ದಿದೆ, ಹತ್ತಿ ಇಟ್ಟಿದ್ದಾರೆ. ಹತ್ತಿಯನ್ನು ಯಾರಿಗೆ ಇಡುತ್ತಾರೆ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಟಿವಿಯ ಮೇಲೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ನಾನು ಏಳಲಿಲ್ಲ. ವಿಶ್ರಾಂತಿ ಎಂದರೆ ವಿಶ್ರಾಂತಿ. ಒಮ್ಮೆಯಾದರೂ ನೆಟ್ಟಗೆ ಮಾಡೋಣ ಎಂದು ಹಟ ಹಿಡಿದು ಮಲಗಿದ್ದೆ. ರತ್ನಕ್ಕ ಆಗ ರೂಢಿಯಲ್ಲಿರುವುದನ್ನೇ ಮಾಡಿದರು. ಕೊಟ್ಟ ಮನೆಯಲ್ಲಿ ಹೆಣ್ಣಿಗೆ ಹೆಚ್ಚುಕಮ್ಮಿಯಾದರೆ ಮೊದಲು ತವರಿಗೆ ತಿಳಿಸಬೇಕು. ಹುಲಿಯೂರುದುರ್ಗಕ್ಕೆ, ಅಮ್ಮ ಹೋದ ಮೇಲೆ ನನಗೆ ತವರು ಎಂದು ಉಳಿದಿರುವ ಚಿಕ್ಕಮ್ಮನಿಗೆ ಫೋನು ಮಾಡಿದರು.

ಮಧ್ಯಾಹ್ನ ತಿಳಿಸಾರು ಅನ್ನ ಉಂಡು ಮತ್ತೆ ಒರಗಿದ್ದೆ. ನಮ್ಮ ಯಜಮಾನರು ಮಿಲ್ಲಿನಿಂದ ಬಂದು, ಊಟ ಮಾಡಿ, ಅಕ್ಕನಿಗೆ ಫೋನು ಮಾಡುವುದನ್ನು ಮರೆತು, ಯಾವ ಕಾರಣವೂ ಇಲ್ಲದೆ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಗೇಟಿನ ಮುಂದೆ ಗೂಡ್ಸ್ ಆಟೋ ನಿಂತ ಸದ್ದಾಯಿತು. ಎಳನೀರಿನ ಗೊನೆಗಳ ನಡುವೆ ಕೂತು ಬಂದಿದ್ದ ರತ್ನಕ್ಕ, "ಅಯ್ಯೋ ನನ್ ತಾಯೀ, ಹಿಂಗಾಯ್ತಲ್ಲವ್ವ" ಎಂದು ಅಂಗಳದಿಂದಲೇ ದನಿ ತೆಗೆದರು. ನಾನು ಗಾಬರಿಯಿಂದ ಎದ್ದು ಬಾಗಿಲಿಗೆ ಓಡಿದೆ. ಅತ್ತಿಗೆಯ ಮನೆಯಲ್ಲಿ ಯಾರಿಗೆ ಏನಾಯಿತೋ ಎಂದು ನನ್ನ ಭಯ. ಎದುರುಬದುರಾದೆವು. ರತ್ನಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ದನಿ ನಡುವೆಯೇ ನಿಂತಿತು. "ಎದ್ದು ಓಡಾಡ್ತಾವ್ಳಲ್ಲ!" ಎಂದರು. ಕಡಬದಿಂದ ಅಳುತ್ತ ಬಂದವರಿಗೆ ಇದು ಸ್ವಲ್ಪ ನಿರಾಸೆಯ ವಿಷಯವೇ, ನಾನು ಅವರನ್ನು ದೂರುವುದಿಲ್ಲ. ಅವರು ಒಳಗೆ ಬಂದು ಕೂರುವಷ್ಟರಲ್ಲಿ ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿಕೊಂಡು, ಬ್ರೆಡ್ಡು ಮೂಸಂಬಿಯ ಚೀಲ ಹಿಡಿದ ಚಿಕ್ಕಮ್ಮನೂ ಬಂದಳು. ಅವಳು ಅಳಲಿಲ್ಲ, ನನ್ನ ಕೆನ್ನೆ ಮುಟ್ಟಿ ನೋಡಿ, "ಇದ್ದೀಯಲ್ಲ, ಬುಡು" ಎಂದು ಗೋಡೆಗೊರಗಿ ಕೂತಳು. ಎಪ್ಪತ್ತು ದಾಟಿದ ಹೆಂಗಸು, ಬಸ್ಸಿನುದ್ದಕ್ಕೂ ಉಸಿರು ಬಿಗಿ ಹಿಡಿದೇ ಬಂದಿರಬೇಕು.

ಎದ್ದು ಕೂತ ನಮ್ಮ ಯಜಮಾನರು ವಿಷಯ ಬಿಡಿಸಿ ಹೇಳಿದರು. "ಅಂದ್ರೆ, ಮೈ ತಿಕ್ಕುಸ್ಕಂಡು ಮಲಗಿದ್ಲಾ?" ಎಂದರು ರತ್ನಕ್ಕ, "ನಾನು ಒಲೆ ಮ್ಯಾಲಿನ ಸಾರು ಹಂಗೇ ಬುಟ್ಟು ಬಂದಿವ್ನಿ ಕಣ್ಲಾ." ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಾಚಿಕೆಯಾದಾಗ ನಮ್ಮ ಕಡೆಯ ಹೆಂಗಸಿಗೆ ಇರುವುದು ಒಂದೇ ದಾರಿ, ಅಡುಗೆಮನೆ. ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದೆ. ಇಷ್ಟು ಜನಕ್ಕೆ ದೊಡ್ಡ ಪಾತ್ರೆ ಬೇಕು, ಅದು ಮೇಲಿನ ಶೆಲ್ಫಿನಲ್ಲಿತ್ತು. ಯೋಚಿಸದೆ ಬಲಗೈ ಚಾಚಿ ಎಳೆದೆ. ಭುಜದೊಳಗೆ ಏನೋ ಹರಿದ ಹಾಗಾಯಿತು, ಕಣ್ಣು ಕತ್ತಲಿಟ್ಟಿತು. ಪಾತ್ರೆ ನೆಲಕ್ಕೆ ಬಿತ್ತು, ಅದರ ಪಕ್ಕದಲ್ಲಿ ನಾನೂ ಕುಸಿದು ಕೂತೆ. ಕೈ ಎತ್ತಿ ನೋಡಿದೆ, ಮೊದಲಿನಷ್ಟೂ ಏಳಲಿಲ್ಲ. ಆಯಿತು, ಇನ್ನು ಇದು ಹೀಗೇ ಉಳಿದುಕೊಳ್ಳುತ್ತದೆ, ಡಾಕ್ಟರು ಹೇಳಿದ 'ಕೆಲವರು' ನಾನೇ ಎನ್ನಿಸಿ ಅತ್ತುಬಿಟ್ಟೆ.

ಸದ್ದಿಗೆ ಮೊದಲು ಬಂದವಳು ಚಿಕ್ಕಮ್ಮ. ಪಕ್ಕದಲ್ಲಿ ಕೂತು ನನ್ನ ಭುಜದ ಮೇಲೆ ಕೈಯಿಟ್ಟು, "ಎಲ್ಲಿ ಮಗ ನೋವು, ಇಲ್ಲಿಯಾ? ಇಲ್ಲಿಯಾ?" ಎಂದು ಹುಡುಕಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರತ್ತ ತಿರುಗಿ, "ಅಳಿಯಂದ್ರೆ, ಇವ್ಳು ಎದ್ದೇಳಂಗಿಲ್ಲ. ಬಾಣಂತಿ ಅಂತ ತಿಳ್ಕಳಿ. ಕಾಪಿ ನೀವ್ ಮಾಡ್ರಿ" ಎಂದಳು. ಅಳಿಯ ಎದುರು ಬಂದರೆ ಸೆರಗು ಎಳೆದುಕೊಂಡು ಒಳಗೆ ಸರಿಯುತ್ತಿದ್ದ ಚಿಕ್ಕಮ್ಮ ಅವಳು! ನಿವೃತ್ತಿಯಾದ ಮೇಲೆ ನಮ್ಮ ಯಜಮಾನರಿಗೆ ಯಾರೂ ಆರ್ಡರು ಹಾಕಿರಲಿಲ್ಲ, "ಆಗ್ಲಿ ಅತ್ತೆ" ಎಂದು ಅಟೆನ್ಷನ್ನಿನಲ್ಲಿ ನಿಂತರು. ನನ್ನನ್ನು ದಿವಾನದ ಮೇಲೆ ಮಲಗಿಸಿದ್ದಾಯಿತು. ಎಲ್ಲರೆದುರು, ಹಗಲು ಹೊತ್ತಿನಲ್ಲಿ, ಹಿರಿಯರ ಅಪ್ಪಣೆಯ ಮೇಲೆ. ಎಷ್ಟು ಹಾಯಾಗಿತ್ತೆಂದರೆ ಭುಜದ ನೋವೂ ಅರ್ಧ ಇಳಿಯಿತು.

ಕಾಫಿ ಬಂತು. ಸಕ್ಕರೆ ಎರಡು ಸಲ ಬಿದ್ದಿತ್ತು, ಎಲ್ಲರೂ ಲೋಟ ಬರಿದು ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ರತ್ನಕ್ಕ ಎತ್ತಲೋ ನೋಡುತ್ತ, "ಆ ಎಣ್ಣೆ ಮಂಡಿಗೂ ಆಯ್ತದಾ?" ಎಂದು ಕೇಳಿದರು. ಪುಷ್ಪ ಕೊಟ್ಟ ಬಾಟಲಿ ಮನೆಯಲ್ಲೇ ಇತ್ತು. ಇವರು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ತಂದರು. ರತ್ನಕ್ಕನ ಮಂಡಿಗೆ ಚಿಕ್ಕಮ್ಮ ಹಚ್ಚಿದಳು. ಚಿಕ್ಕಮ್ಮನ ಕುತ್ತಿಗೆಗೆ ನಾನು ಮಲಗಿದಲ್ಲಿಂದಲೇ ಎಡಗೈಯಲ್ಲಿ ಹಚ್ಚಿದೆ. ಮೊದಲು ಬೇಡ ಬೇಡ ಎಂದವಳು ಆಮೇಲೆ ತಲೆ ಬಗ್ಗಿಸಿ ಕೂತಳು. "ನನ್ ಬೆನ್ನಿಗೆ ಯಾರಾದ್ರೂ ಕೈಯಿಟ್ಟು ಎಸ್ಟ್ ಕಾಲ ಆಯ್ತೋ ಮಂಗಳಿ" ಎಂದಳು. ಊರಿನ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ನೀರು ಹೊಯ್ದ ಕೈ ಅವಳದು. ನಾನು ಇನ್ನಷ್ಟು ಎಣ್ಣೆ ಸುರಿದುಕೊಂಡೆ.

ಎಣ್ಣೆಯಾದ ಮೇಲೆ ಜೋಪಾನ ಆಗಬೇಕಲ್ಲ. ನಮ್ಮ ಯಜಮಾನರು ಸೂಚನೆಗಳನ್ನು ಬಾಯಿಪಾಠ ಒಪ್ಪಿಸಿದರು. ಚಾಪೆ ಹಾಸಿದರು, ಫ್ಯಾನು ಆರಿಸಿದರು, ಹೊದಿಕೆ ಕೊಟ್ಟರು, ಎಲ್ಲರಿಗೂ ಹತ್ತಿ ಹಂಚಿದರು. ಮೂವರು ಹೆಂಗಸರೂ ಕಿವಿಗೆ ಹತ್ತಿ ಇಟ್ಟುಕೊಂಡು ಸಾಲಾಗಿ ಮಲಗಿದೆವು. ಎದುರು ಮನೆಯ ಜಯಮ್ಮ ಬೆಳಗ್ಗಿನಿಂದ ನಮ್ಮ ಗೇಟಿನ ಮೇಲೆ ಕಣ್ಣಿಟ್ಟಿದ್ದವರು, ಆಗ ಬಂದು ಬಾಗಿಲಲ್ಲಿ ಇಣುಕಿದರು. ಸಾಲು ನೋಡಿದರು. ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು, "ಎಲ್ರೂ ಒಂದೇ ಕಡೆ ಏನಾದ್ರೂ ತಿಂದ್ರಾ ಸಾರ್?" ಎಂದು ಪಿಸುಗುಟ್ಟಿದರು. ಹೊದಿಕೆಯೊಳಗೆ ರತ್ನಕ್ಕ ಮೊದಲು ನಕ್ಕರು. ನಾವು ಮೂವರೂ ನಗುತ್ತ ಮೈ ಕುಲುಕಿದ್ದನ್ನು ನೋಡಿ ಜಯಮ್ಮ ಚಳಿ ಜ್ವರ ಎಂದು ತಿಳಿದು, ಮನೆಗೆ ಓಡಿ ಶುಂಠಿ ಕಷಾಯ ತಂದುಕೊಟ್ಟರು. ರಾತ್ರಿ ಮುದ್ದೆಯನ್ನೂ ನಮ್ಮ ಯಜಮಾನರೇ ಮಾಡಿದರು. ಗಂಟು ಬಹಳವಿತ್ತು. ನಡುವೆ ಸ್ವಲ್ಪ ಮುದ್ದೆಯೂ ಇತ್ತು.

ಆ ಪೆಟ್ಟಿಗೆ ಭುಜ ಸ್ವಲ್ಪ ದಿನ ಮುನಿಸಿಕೊಂಡಿತು, ಗೋಡೆಯ ಮೇಲಿನ ಬೆರಳು ಕೆಳಗಿಳಿಯಿತು. ಆಮೇಲೆ ಡಾಕ್ಟರು, ಪುಷ್ಪ, ಗೋಡೆ ಎಲ್ಲ ಸೇರಿ ಅದನ್ನು ನಿಧಾನವಾಗಿ ಒಲಿಸಿಕೊಂಡರು. ಬೇಸಿಗೆ ರಜೆ ಮುಗಿಯುತ್ತಾ ಬಂದ ಒಂದು ದಿನ, ನಮ್ಮ ಯಜಮಾನರು ಹಾಲು ತರಲು ಹೋಗಿದ್ದಾಗ, ಗೋಡೆಯ ಮುಂದೆ ನಿಂತು ಬೆರಳು ಹತ್ತಿಸಿದೆ. ಹತ್ತುತ್ತಲೇ ಹೋಯಿತು. ಕ್ಯಾಲೆಂಡರಿನ ಮೊಳೆ ಬಂತು, ಮೊಳೆಯನ್ನೂ ದಾಟಿ ಮೇಲೆ ಹೋಯಿತು. ನೋವಿಲ್ಲ. ಕನ್ನಡಿಯ ಮುಂದೆ ಓಡಿ ಎರಡು ಕೈಯನ್ನೂ ತಲೆಯ ಹಿಂದೆ ಒಯ್ದೆ, ಎರಡೂ ಒಂದನ್ನೊಂದು ಸೇರಿದವು. ನಾನು ಶಿವನಲ್ಲಿ ಬೇಡಿಕೊಂಡದ್ದು ಇಷ್ಟೇ. ಸರಸರನೆ ಜಡೆ ಹೆಣೆದೆ. ಎಷ್ಟು ಸಡಿಲ, ಎಷ್ಟು ಸುಖ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಆಗ ನಾನೇನು ಮಾಡಿದೆ ಎಂದು ಹೇಳಿದರೆ ನೀವು ನಗುತ್ತೀರಿ. ಜಡೆಯನ್ನು ಬಿಚ್ಚಿ ಹಾಕಿದೆ. ಕೂದಲು ಹರಡಿಕೊಂಡು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ದಿನದಂತೆ ಕುರ್ಚಿಯ ಮೇಲೆ ಪಾಪದವಳ ಹಾಗೆ ಕೂತೆ. ಇಷ್ಟು ತಿಂಗಳು ಬೆಳಗ್ಗೆ ಹೊತ್ತು ಒಬ್ಬರು ನನ್ನ ಹಿಂದೆ ನಿಂತು, ಸಿಕ್ಕು ಬಿಡಿಸುತ್ತ, ಕಡಬದ ಕೆರೆಯ ಕೋಡಿ ಬಿದ್ದ ಕಾಲದ್ದೋ ತಾವು ಕಂಬ ಹತ್ತಿಸಿದ ದಿನಗಳದ್ದೋ ಮಾತು ಹೇಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ಹಾಗೆ ಕೂತು ಮಾತನಾಡಿದ್ದೇ ಇಲ್ಲ. ಕೈ ಸರಿಹೋಯಿತು ಎಂದುಬಿಟ್ಟರೆ ನಾಳೆಯಿಂದ ಅವರು ಪೇಪರಿನ ಹಿಂದೆ, ನಾನು ಒಲೆಯ ಮುಂದೆ.

ಹಾಲಿಟ್ಟು ಬಂದವರು ಅಭ್ಯಾಸದಂತೆ ಗೋಡೆಯ ಮುಂದೆ ನಿಂತು ಕನ್ನಡಕ ಏರಿಸಿದರು. ನಾನು ಜಡೆಯನ್ನು ಬಿಚ್ಚಿದ್ದೆನೇ ಹೊರತು ಗೋಡೆಯನ್ನು ಒರೆಸಿರಲಿಲ್ಲ. ಮೊಳೆಯ ಮೇಲೆ, ಇದುವರೆಗೆ ಕಲೆಯೇ ಬೀಳದ ಜಾಗದಲ್ಲಿ, ಐದು ಬೆರಳಿನ ಎಣ್ಣೆ ಹಸಿಯಾಗಿ ಹೊಳೆಯುತ್ತಿತ್ತು. ಅವರು ಅದನ್ನು ನೋಡಿದರು, ಅವರು ನೋಡುವುದನ್ನು ನಾನು ನೋಡಿದೆ. ಈ ಸಲ ಗೊಣಗಾಟ ಕೇಳಿಸಲಿಲ್ಲ. ಕನ್ನಡಕ ಇಳಿಸಿ, "ಹಲ್ಲಿ ಜಾಸ್ತಿ ಆಗವೆ ಕಣೇ ಮನೇಲಿ" ಎಂದರು, "ಕಾಲಿಗೆ ಎಣ್ಣೆ ಮೆತ್ಕೊಂಡು ಅಷ್ಟ್ ಎತ್ತರಕ್ಕೆ ಹತ್ತವೆ ನೋಡು."

"ಹೂಂ ರೀ, ನಾನೂ ನೋಡ್ದೆ" ಎಂದೆ.

ಬಾಚಣಿಗೆ ತೆಗೆದುಕೊಂಡು ಹಿಂದೆ ಬಂದು ನಿಂತರು. ಮೂರು ಕಾಲು ತೆಗೆದು, ಹುಬ್ಬು ಮೇಲೇರುವ ಹಾಗೆ ಎಳೆದು ಹೆಣೆದರು. ಸಡಿಲ ಬಿಡಿ ಎಂದು ಅವತ್ತು ನಾನೂ ಹೇಳಲಿಲ್ಲ. ಮರುದಿನದಿಂದ ವ್ಯಾಯಾಮ ಮುಗಿದ ಮೇಲೆ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೇನೆ, ಆದರೆ ಅಷ್ಟು ಎತ್ತರದ ಆ ಒಂದು ಕಲೆಯನ್ನು ಒರೆಸಲು ಮಾತ್ರ ಏನು ಮಾಡಲಿ, ನನ್ನ ಕೈ ಅಲ್ಲಿಯವರೆಗೆ ಏಳುವುದಿಲ್ಲ.